ಭಿನ್ನದ ಬುಟ್ಟಿ

ಹೊಟ್ಟೆಕಿಚ್ಚಿಗೆ ಒಲೆ ಬೇಡ, ಸೌದೆ ಬೇಡ. ಎದುರಿಗೆ ಒಬ್ಬಳು ನಗುತ್ತ ಕೂತಿದ್ದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅತ್ತಿಗೆಯ ಹೊಟ್ಟೆಯಲ್ಲಿ ಅದು ಹೊತ್ತಿಕೊಂಡದ್ದು ಒಂದು ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ, ವಿಶ್ವವಿದ್ಯಾಲಯದ ಎರಡನೇ ಮಹಡಿಯ ತರಗತಿಯಲ್ಲಿ, ಕಿಟಕಿಯ ಪಕ್ಕದ ಬೆಂಚಿನ ಮೇಲೆ.

ಅವಳನ್ನು ಅತ್ತಿಗೆ ಎಂದು ಕರೆಯಬೇಕಾದವಳು ಲೋಕದಲ್ಲಿ ಒಬ್ಬಳೇ, ಗಂಡನ ತಂಗಿ. ಆದರೆ ಆ ತಂಗಿಯ ಬಾಯಿ ಎಂಥದ್ದೆಂದರೆ, ಅವಳು ಕೂಗಿದ್ದನ್ನೇ ಕೇಳಿ ಕೇಳಿ ಬೀದಿಯ ಅಂಗಡಿಯವನೂ, ಕಾರ್ಖಾನೆಯ ಗೇಟಿನ ಕಾವಲುಗಾರನೂ, ಮರೆವಿನ ಭರದಲ್ಲಿ ಒಂದೆರಡು ಸಲ ಕಟ್ಟಿಕೊಂಡ ಗಂಡನೂ ಅತ್ತಿಗೆ ಎಂದುಬಿಟ್ಟಿದ್ದರು. ನಾದಿನಿಗೆ ಮನೆಯವರು ಇಟ್ಟ ಅಡ್ಡಹೆಸರು ಗಿಣಿ. ಮಾತು ಬಂದ ದಿನದಿಂದ ಬಾಯಿ ಮುಚ್ಚಿಲ್ಲ ಎಂದು ಅವಳ ತಾಯಿಯೇ ಇಟ್ಟದ್ದು.

ಇಬ್ಬರೂ ದುಡಿಯುತ್ತಿದ್ದುದು ಒಂದೇ ಪಿಂಗಾಣಿ ಕಾರ್ಖಾನೆಯಲ್ಲಿ. ಗಿಣಿಗೆ ಮಹಡಿಯ ಮೇಲೆ, ಸಿಬ್ಬಂದಿ ವಿಭಾಗದಲ್ಲಿ, ಫ್ಯಾನಿನ ಕೆಳಗೆ ಕುರ್ಚಿ. ಅತ್ತಿಗೆಗೆ ಕೆಳಗೆ, ಆರಿಸುವ ವಿಭಾಗದಲ್ಲಿ ಹನ್ನೊಂದು ವರ್ಷ. ಅದರಲ್ಲಿ ಕೊನೆಯ ನಾಲ್ಕು ವರ್ಷ ಮೇಲ್ವಿಚಾರಕಿ. ಭಟ್ಟಿಯಿಂದ ಬಿಸಿ ಆರಿ ಬಂದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಉಗುರಿನಿಂದ ತಟ್ಟಿ ನೋಡುವುದು ಆ ವಿಭಾಗದ ಕೆಲಸ. 'ಟಿಣ್' ಎಂದರೆ ಗಟ್ಟಿ, ಡಬ್ಬಿಗೆ. 'ಟಪ್' ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು. ಬಿರುಕು ಬಿಟ್ಟದ್ದಕ್ಕೆ, ಅಂಚು ಮುಕ್ಕಾದದ್ದಕ್ಕೆ, ಸೊಟ್ಟಗೆ ಬೆಂದದ್ದಕ್ಕೆ ಕೆಳಗಿನವರೆಲ್ಲ ಒಂದೇ ಹೆಸರಿಟ್ಟಿದ್ದರು: ಭಿನ್ನ. "ಇದು ಭಿನ್ನ ಕಣೇ, ಆಚೆ ಹಾಕು" ಎಂದರೆ ಅದು ಮೇಜಿನ ಕೆಳಗಿನ ಭಿನ್ನದ ಬುಟ್ಟಿಗೆ ಬೀಳಬೇಕು. ಸಂಜೆ ಐದಕ್ಕೆ ಬುಟ್ಟಿಗಳು ಗಾಡಿಯೇರಿ ಪುಡಿಮಾಡುವ ಯಂತ್ರಕ್ಕೆ ಹೋಗಬೇಕು. ಮೇಲಿನ ಆಫೀಸಿನ ಪುಸ್ತಕದಲ್ಲಿ ಅದೇ ಮಾಲಿಗೆ 'ತಿರಸ್ಕೃತ' ಎಂದು ಬರೆಯುತ್ತಿದ್ದರು. ಭಿನ್ನ ಎಂಬ ಮಾತು ಆ ಹದಿನೆಂಟು ಮೆಟ್ಟಿಲು ಹತ್ತಿ ಮೇಲೆ ಹೋದದ್ದೇ ಇಲ್ಲ.

ಕೋರ್ಸಿನ ಕಾಗದವನ್ನು ಮೊದಲು ಕಂಡವಳು ಅತ್ತಿಗೆ. ನೋಟಿಸ್ ಬೋರ್ಡಿನ ಮೂಲೆಯಲ್ಲಿ ಅಂಟಿಸಿದ್ದರು: ಸಂಸ್ಥೆಗಳಲ್ಲಿ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಮುಂದಾಳತ್ವ, ಎರಡು ವರ್ಷದ ಸ್ನಾತಕೋತ್ತರ ಪದವಿ, ಶನಿವಾರ ಭಾನುವಾರ ತರಗತಿ. ಕೆಳಗೆ ಮ್ಯಾನೇಜರರ ಸಹಿಯೊಂದಿಗೆ ಇನ್ನೊಂದು ಸಾಲು: ಕಾರ್ಖಾನೆಯಲ್ಲಿ ಈ ಕೆಲಸಕ್ಕೆಂದೇ ಹೊಸ ವಿಭಾಗ ತೆರೆಯುತ್ತೇವೆ, ಓದಿ ಮುಗಿಸಿದವರಲ್ಲಿ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡುತ್ತೇವೆ. ಅತ್ತಿಗೆ ಆ ಕಾಗದವನ್ನು ಎರಡು ಸಲ ಓದಿದಳು. ಮನೆಗೆಲಸದ ಸಂದಿಯಲ್ಲಿ ಅಂಚೆಯ ಮೂಲಕ ಓದಿ ಪಡೆದ ಪದವಿಗೆ ಇಷ್ಟು ದಿನ ಗೋಡೆಯ ಮೊಳೆಗೆ ತೂಗುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಹಡಿಯ ಮೇಲೆ ಗಾಜಿನ ಬಾಗಿಲಿನ ಖಾಲಿ ಕೋಣೆಯೊಂದಿತ್ತು. ಅದರೊಳಗೆ ತಾನು ಕೂತಂತೆ, ಕೆಳಗಿನವರು ಒಬ್ಬೊಬ್ಬರಾಗಿ ಬಂದು ಹೆದರದೆ ಮಾತಾಡಿದಂತೆ ಅವಳಿಗೆ ಹಾಡುಹಗಲೇ ಕನಸು ಬಿತ್ತು. ಅರಮನೆಯ ಕನಸು ಕಂಡ ಕತೆಯ ಹುಡುಗಿಯರೂ ಅಷ್ಟು ಸ್ಪಷ್ಟವಾಗಿ ಬಾಗಿಲಿನ ಹಿಡಿಕೆಯನ್ನು ಕಂಡಿರಲಾರರು.

ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು.

"ಅತ್ತಿಗೇ! ನಾನೂ ಬರ್ಲಾ?" ಎಂದಿದ್ದಳು ಗಿಣಿ, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು.

"ಅದರ ಹೆಸರು ಹೇಳಿ ಮುಗಿಸೋ ಹೊತ್ತಿಗೆ ಚಹಾ ಆರೋಗುತ್ತೆ" ಎಂದು ಅತ್ತೆ ಗೊಣಗಿದರು. "ಅದೇನು ಕಲಿಸ್ತಾರೆ?"

"ಎಲ್ಲರನ್ನೂ ಒಳಗೆ ಸೇರಿಸ್ಕೊಳ್ಳೋದು ಹೇಗೆ ಅಂತ, ಅಮ್ಮ."

"ಅದಕ್ಕೆ ಎರಡು ವರ್ಷ ಬೇಕಾ? ಬಾಗಿಲು ತೆಗೆದ್ರೆ ಆಯ್ತಪ್ಪ."

ಬಸ್ಸು ಓಡಿಸುವ ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಸೇರಿಸ್ಕೊಳ್ಳೋದು ಆಮೇಲೆ ಕಲೀರಿ. ನೀವಿಬ್ರೂ ಬೆಳಿಗ್ಗೆ ಹೊರಟು ನಿಂತ್ರೆ ನಂಗೆ ಬಚ್ಚಲುಮನೆ ಒಳಗೆ ಹೋಗೋಕೇ ಜಾಗ ಸಿಗಲ್ಲ."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲು ಅವಳಿಗೆ ಯಾವ ನ್ಯಾಯವೂ ಇರಲಿಲ್ಲ.

ಹೊತ್ತಿಕೊಂಡ ಶನಿವಾರದ ಮಾತಿಗೆ ಬರೋಣ. ಪಾಠ ಮಾಡುತ್ತಿದ್ದ ಪ್ರೊಫೆಸರಮ್ಮ ಹೊಗಳಿಕೆಯಲ್ಲಿ ಬಲು ಜಿಪುಣಿ. ನಿಮ್ಮ ನಿಮ್ಮ ಕೆಲಸದ ಜಾಗದಲ್ಲಿ, ಎಲ್ಲರೂ ಕೊರತೆ ಅಂದುಕೊಂಡದ್ದು ಕಸುಬಾಗಿರುವುದನ್ನು ಕಂಡಿದ್ದೀರಾ ಎಂದು ಅವರು ಕೇಳಿದ್ದರು. ಅತ್ತಿಗೆಯ ಮನಸ್ಸಿಗೆ ಬಂದದ್ದು ಬೆರಳಮ್ಮನ ಕತೆ. ಬೆರಳಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು. ಎಲ್ಲರೂ ಶಬ್ದ ಕೇಳಿ ಬಟ್ಟಲು ಆರಿಸಿದರೆ ಅವಳು ತಟ್ಟಿ, ಬೆರಳ ತುದಿಯಲ್ಲಿ ನಡುಕ ಹಿಡಿದು ಆರಿಸುತ್ತಾಳೆ. ಹನ್ನೊಂದು ವರ್ಷದಲ್ಲಿ ಒಂದು ಬಿರುಕೂ ಅವಳ ಕೈತಪ್ಪಿ ಹೋದದ್ದಿಲ್ಲ. ಅವಳೊಂದಿಗೆ ಮಾತಾಡಲೆಂದೇ ಅತ್ತಿಗೆ ಕೈಭಾಷೆ ಕಲಿತಿದ್ದಳು. ಕಾರ್ಖಾನೆಯಲ್ಲಿ ಅದು ಬರುತ್ತಿದ್ದುದು ಅವಳೊಬ್ಬಳಿಗೇ.

ಹೇಗೆ ಶುರುಮಾಡಲಿ ಎಂದು ಅತ್ತಿಗೆ ವಾಕ್ಯ ಜೋಡಿಸುತ್ತಿರುವಾಗಲೇ ಪಕ್ಕದಲ್ಲಿ ಗಿಣಿ ಎದ್ದು ನಿಂತಿದ್ದಳು.

"ಮೇಡಂ, ನಮ್ಮತ್ತಿಗೆ ಹೇಳಿದ್ದು ಇದು. ನಮ್ಮಲ್ಲಿ ಬೆರಳಮ್ಮ ಅಂತ ಒಬ್ಬರಿದಾರೆ..."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅತ್ತಿಗೆ ಎಂದೋ ಹೇಳಿದ್ದನ್ನು ಗಿಣಿ ಹೇಳಿದಳು. ಹೇಳಿದ ಚಂದವೇ ಚಂದ. ಬೆರಳು ಬಟ್ಟಲಿಗೆ ತಾಗುವ ಹೊತ್ತಿಗೆ ಇಡೀ ತರಗತಿ ಉಸಿರು ಹಿಡಿಯಿತು. ಪ್ರೊಫೆಸರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು! ಇದೇ ನೋಡಿ!" ಎಂದರು.

'ನಮ್ಮತ್ತಿಗೆ ಹೇಳಿದ್ದು' ಎಂದು ಅವಳು ಮೊದಲೇ ಹೇಳಿಯಾಗಿತ್ತು. ಕದ್ದಳು ಎನ್ನುವಂತಿಲ್ಲ, ಸುಳ್ಳು ಎನ್ನುವಂತಿಲ್ಲ. ಜಗಳಕ್ಕೆ ಒಂದು ಕಾರಣವನ್ನೂ ಉಳಿಸದೆ ಗೆದ್ದವರ ಮೇಲಿನ ಸಿಟ್ಟಿದೆಯಲ್ಲ, ಅದು ಆರುವುದೇ ಇಲ್ಲ.

ಅಂದಿನಿಂದ ಅತ್ತಿಗೆಗೆ ಗಿಣಿಯದ್ದೇ ಧ್ಯಾನ. ಗಿಣಿ ಎಷ್ಟು ಪುಟ ಬರೆದಳು, ಗಿಣಿಯ ಪುಸ್ತಕದಲ್ಲಿ ಪ್ರೊಫೆಸರಮ್ಮ ಏನು ಗೀಚಿದರು, ಗಿಣಿ ಕೂತ ಬೆಂಚಿಗೆ ಯಾರು ಬಂದು ಕೂತರು. ಹಳೆಯ ಕತೆಗಳಲ್ಲಿ ರಕ್ಕಸಿಯ ಜೀವ ಏಳು ಕಡಲಾಚೆಯ ಗಿಣಿಯ ಗಂಟಲಲ್ಲಿರುತ್ತದಂತೆ. ಗಿಣಿ ರೆಕ್ಕೆ ಬಡಿದರೆ ಇಲ್ಲಿ ರಕ್ಕಸಿಯ ತೋಳು ನೋಯುತ್ತದಂತೆ. ಅತ್ತಿಗೆಗೆ ಕಡಲಿನ ದೂರವೂ ಇರಲಿಲ್ಲ, ನಡುವೆ ಇದ್ದುದು ಒಂದು ತೆಳುಗೋಡೆ. ಗಿಣಿ ಆ ಕಡೆ ಓದುತ್ತ ಗುನುಗಿದರೆ ಈ ಕಡೆ ಇವಳ ಕೈಯ ಪೆನ್ನು ನಿಲ್ಲುತ್ತಿತ್ತು.

ಹೀಗೇ ಎರಡು ವರ್ಷ ಹರಿದು ಕೊನೆಯ ಪ್ರಾಜೆಕ್ಟು ಬಂತು. ಅವರವರ ಸಂಸ್ಥೆಯಲ್ಲೇ ಒಂದು ಕೆಲಸ ಮಾಡಿ ತರಗತಿಯ ಮುಂದೆ ಒಪ್ಪಿಸಬೇಕು. ನಾನೂ ಬಂದು ಕೂರುತ್ತೇನೆ, ನೋಡಿ ಅಲ್ಲೇ ತೀರ್ಮಾನಿಸುತ್ತೇನೆ ಎಂದು ಮ್ಯಾನೇಜರ್ ಹೇಳಿಕಳಿಸಿದರು. ಗಾಜಿನ ಕೋಣೆ ಯಾರಿಗೆ ಎಂಬುದು ಆ ಒಂದು ಬೆಳಗಿನ ಮೇಲೆ ನಿಂತಿತು.

ಅತ್ತಿಗೆ ಆರಿಸಿಕೊಂಡದ್ದು ವಿರಾಮದ ಗಂಟೆಯನ್ನು. ಗಂಟೆ ಕೇಳದವರಿಗಾಗಿ ಪ್ರತಿ ಮೇಜಿನ ಮೇಲೊಂದು ದೀಪ, ಗಂಟೆಯ ಜೊತೆಗೇ ಹತ್ತಿ ಆರುವಂಥದ್ದು. ಗಿಣಿ ಮಾತ್ರ ಇಡೀ ಕಾರ್ಖಾನೆಗೇ ಕೈಹಾಕಿದ್ದಳು. ಎಲ್ಲರಿಗೂ ಒಂದು ಫಾರಂ. ಯಾರಿಗೆ ಯಾವ ತೊಡಕಿದೆ, ಯಾರ ಮಾತು ಬೇರೆ, ಯಾರ ನಡಿಗೆ ಬೇರೆ, ಯಾರಿಗೆ ಏನು ಬೇಕು ಎಂದು ಅವರಿಂದಲೇ ಬರೆಸಿ ತಿಳಿಯುವ ಯೋಜನೆ.

ಫಾರಂ ಹಂಚುವ ಹಿಂದಿನ ಶನಿವಾರ ಬೆಳಿಗ್ಗೆ, ಅತ್ತಿಗೆ ಚಹಾ ಸೋಸುತ್ತಿದ್ದಾಗ ಗಿಣಿ ಕಾಗದ ಹಿಡಿದು ಬಂದಳು.

"ಅತ್ತಿಗೆ, ಒಂದ್ಸಲ ಕಣ್ಣಾಡಿಸಿ. ಕೆಳಗಿನವರ ಮಾತು ನಿಮಗೆ ಗೊತ್ತು, ನಂಗೆ ಗೊತ್ತಿಲ್ಲ. ಅವರಿಗೆ ಅರ್ಥ ಆಗುತ್ತಾ ನೋಡಿ ಹೇಳಿ."

ಮೊದಲ ಪ್ರಶ್ನೆ ಹೀಗಿತ್ತು: ನೀವು ಯಾವುದಾದರೂ ರೀತಿಯಲ್ಲಿ ಭಿನ್ನರೇ? ಹೌದಾದರೆ ನಿಮ್ಮ ಭಿನ್ನತೆ ಯಾವುದು, ಬರೆಯಿರಿ.

ಅತ್ತಿಗೆಯ ಕೈಯ ಜರಡಿ ಅಲ್ಲೇ ನಿಂತಿತು. ಕೆಳಗಿನ ಯಾರ ಕೈಗಾದರೂ ಈ ಕಾಗದ ಕೊಟ್ಟರೆ ಅವರು ಓದುವುದು ಒಂದೇ ರೀತಿ: ನೀವು ಬುಟ್ಟಿಗೆ ಹಾಕಬೇಕಾದವರೇ? ಎಲ್ಲಿ ಬಿರುಕು, ಬರೆಯಿರಿ. 'ಅಯ್ಯೋ ಹುಚ್ಚೀ, ಈ ಪದ ತೆಗಿ' ಎಂದರೆ ಆಯಿತು. ಐದು ಪದ. ಅತ್ತಿಗೆಯ ನಾಲಿಗೆಯ ತುದಿಗೆ ಐದೂ ಬಂದು ಕೂತವು. ಅಷ್ಟರಲ್ಲಿ ಪ್ರೊಫೆಸರಮ್ಮನ ಕನ್ನಡಕ ಕಣ್ಣೆದುರು ಮೇಜಿನ ಮೇಲೆ ಇಳಿಯಿತು. ಇದು, ಇದೇ ನೋಡಿ. ಈ ಒಂದು ಸಲ ಇವಳನ್ನು ನೋಡಿ ನಾಲ್ಕು ಜನ ನಗಲಿ, ಆಕಾಶವೇನೂ ಬೀಳುವುದಿಲ್ಲ ಎಂದಿತು ಹೊಟ್ಟೆಯೊಳಗಿನ ಕಿಚ್ಚು.

"ಚೆನ್ನಾಗಿದೆ" ಎಂದಳು ಅತ್ತಿಗೆ.

"ನಿಜವಾಗ್ಲೂ?"

"ಹೇಳಿದ್ನಲ್ಲ ಕಣೇ. ಚಹಾ ತಗೋ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದ ಮಾತಿನ ಲೆಕ್ಕವನ್ನು ಅವರು ಹೇಳಿಹೋಗಿಲ್ಲ.

ಸೋಮವಾರ ಫಾರಂಗಳು ಕೆಳಗಿಳಿದವು. ಅತ್ತಿಗೆ ನಗುವಿಗಾಗಿ ಕಿವಿ ನಿಮಿರಿಸಿ ಕಾದಳು. ಯಾರೂ ನಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಬಿಟ್ಟರೆ ವಿಭಾಗ ಗಪ್‌ಚಿಪ್.

"ಲಿಸ್ಟ್ ಮಾಡ್ತಿದಾರಂತೆ" ಎಂದಳು ಡಬ್ಬಿ ಕಟ್ಟುವವಳು, ತುಟಿ ಅಲ್ಲಾಡಿಸದೆ.

"ಯಾರ್ ಲಿಸ್ಟು?"

"ಯಾರ್ ಅಂದ್ರೆ? ಓದೋಕೆ ಬರಲ್ವಾ? ಭಿನ್ನ ಅಂತ ಅಲ್ಲೇ ಬರೆದಿದಾರಲ್ಲ. ಹೊಸ ವಿಭಾಗ ಅಂದ್ರೆ ಇದೇ ನೋಡು."

ಡಬ್ಬಿ ಕಟ್ಟುವವಳಿಗೆ ಒಂದು ಕಾಲು ಗಿಡ್ಡ. ಮಂಗಳವಾರ ಅವಳು ಹೇಗೋ ಕಾಲು ಎಳೆಯದೆ ನಡೆದಳು. ಸಂಜೆ ಮೂಲೆಯಲ್ಲಿ ಕೂತು ಸೊಂಟ ತಿಕ್ಕಿಕೊಳ್ಳುತ್ತಿದ್ದಳು. ಭಟ್ಟಿಯ ಮುದುಕನಿಗೆ ಒಂದು ಕಣ್ಣು ಮಂಜು. ಅವನು ಎದುರಿಗೆ ಬಂದವರಿಗೆಲ್ಲ, ಕೇಳದಿದ್ದರೂ, ಗೋಡೆಯ ಗಡಿಯಾರದ ಹೊತ್ತು ಓದಿ ಹೇಳತೊಡಗಿದ. ಬೇರೆ ದೇಶದಿಂದ ಬಂದು ಸೇರಿದ್ದ ಅಕ್ಕತಂಗಿಯರಿಬ್ಬರು ತಮ್ಮ ತಮ್ಮಲ್ಲೂ ತಮ್ಮ ಮಾತು ಬಿಟ್ಟರು. ಎಲ್ಲರನ್ನೂ ಒಳಗೆ ಕರೆಯಲು ಬಂದ ಕಾಗದ ಎಲ್ಲರನ್ನೂ ಚಿಪ್ಪಿನೊಳಕ್ಕೆ ಅಟ್ಟಿತ್ತು.

ಈಗಲಾದರೂ ಹೇಳಬಹುದಿತ್ತು. ಮೇಜಿನ ಮೇಲೆ ಹತ್ತಿ ನಿಂತು, ಅದು ಆ ಭಿನ್ನ ಅಲ್ಲ ಕಣ್ರೋ ಎಂದು ಕೂಗಬಹುದಿತ್ತು. ಆದರೆ ಕೂಗಿದರೆ ಗಿಣಿಯ ಕೆಲಸ ಬಚಾವಾಗುತ್ತದೆ. ಜೊತೆಗೆ, ನಿಮಗೆ ಮೊದಲೇ ತೋರಿಸಿದ್ದೆನಲ್ಲ ಎಂದು ಅವಳು ಕೇಳುತ್ತಾಳೆ. ನಾಳೆ ಹೇಳಿದರಾಯಿತು ಎಂದುಕೊಂಡಳು ಅತ್ತಿಗೆ. ಆ ನಾಳೆ ಬುಧವಾರವಾಗಿತ್ತು.

ಬುಧವಾರ ಮೇಲ್ವಿಚಾರಕರ ಸಭೆ ಮುಗಿಸಿ ಅವಳು ಕೆಳಗೆ ಬಂದಾಗ ಬೆರಳಮ್ಮನ ಸ್ಟೂಲು ಖಾಲಿಯಿತ್ತು. ಅತ್ತಿಗೆಯ ಮೇಜಿನ ಮೇಲೆ ಒಗೆದು ಮಡಚಿದ ಏಪ್ರನ್, ಅದರ ಮೇಲೆ ಅವಳ ಸಾಮಾನಿನ ಪೆಟ್ಟಿಗೆಯ ಬೀಗದ ಕೈ, ಅದರ ಕೆಳಗೆ ಫಾರಂ. ಮೊದಲ ಪ್ರಶ್ನೆಯ ಮುಂದೆ ದುಂಡು ದುಂಡು ಅಕ್ಷರದಲ್ಲಿ ಬರೆದಿತ್ತು: ಹೌದು. ಕಿವಿ. ಬುಟ್ಟಿಗೆ ಹಾಕುವ ಮೊದಲು ನಾನೇ ಹೋಗುತ್ತೇನೆ.

ಅಕ್ಕಪಕ್ಕದವರು ಬಟ್ಟಲು ತಟ್ಟುತ್ತಲೇ ಇದ್ದರು. ಅತ್ತಿಗೆ ಆ ಕಾಗದವನ್ನು ಮಹಡಿಗೆ ಹೋಗುವ ಫಾರಂಗಳ ಕಟ್ಟಿಗೆ ಸೇರಿಸಿದಳು.

ಆ ಸಂಜೆ ಗಿಣಿ ಊಟ ಮುಟ್ಟಲಿಲ್ಲ. "ಇನ್ನೂರ ಹನ್ನೆರಡು ಜನ, ಅತ್ತಿಗೆ. ಇನ್ನೂರ ಹನ್ನೊಂದು ಜನ 'ಇಲ್ಲ' ಅಂತ ಬರೆದಿದಾರೆ. ಕಾಲಿಲ್ಲದವರಿಗೂ ಏನೂ ಇಲ್ಲ, ಕಣ್ಣಿಲ್ಲದವರಿಗೂ ಏನೂ ಇಲ್ಲ. 'ಹೌದು' ಅಂದ ಒಬ್ಬರೇ ಒಬ್ಬರು ಕೆಲಸ ಬಿಟ್ಟು ಹೋದ್ರು. ಅದೇನೋ ಬುಟ್ಟಿ ಅಂತ ಬರೆದಿದಾರೆ, ಅರ್ಥಾನೇ ಆಗಲಿಲ್ಲ. ನಾನೇನು ಮಾಡ್ದೆ?"

"ನೀನೇನು ಮಾಡಿದ್ಯೇ, ಜನಾನೇ ಹಾಗೆ" ಎಂದರು ಅತ್ತೆ. "ನಮ್ಮ ಸೊಸೆನ ಕೇಳು, ಅವಳಿಗೆ ಗೊತ್ತಿರುತ್ತೆ."

ನಮ್ಮ ಸೊಸೆ ತಟ್ಟೆಯನ್ನು ಎರಡನೇ ಸಲ ತೊಳೆಯುತ್ತಿದ್ದಳು.

ಒಪ್ಪಿಸುವ ಶನಿವಾರ ಬಂತು. ಕಡೆಯ ಬೆಂಚಿನಲ್ಲಿ ಮ್ಯಾನೇಜರ್ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅತ್ತಿಗೆ ತನ್ನ ದೀಪದ ಕೆಲಸವನ್ನು ಕಾಗದ ನೋಡಿ ಓದಿದಳು. ಕೆಲಸ ಗಟ್ಟಿಯಾಗಿತ್ತು, ಓದಿದ್ದು ಸಪ್ಪೆಯಾಗಿತ್ತು. "ಅಚ್ಚುಕಟ್ಟಾಗಿದೆ" ಎಂದರು ಪ್ರೊಫೆಸರಮ್ಮ, ಗಡಿಯಾರ ನೋಡುತ್ತ.

ಆಮೇಲೆ ಗಿಣಿ ಎದ್ದಳು. ಅವಳ ಕೈಯಲ್ಲಿ ಕಾಗದವೇ ಇರಲಿಲ್ಲ.

"ಮೇಡಂ, ನನ್ನ ಪ್ರಾಜೆಕ್ಟು ಸೋತಿದೆ. ಜನ ನನ್ನ ಫಾರಂಗೆ ಹೆದರಿದರು. ಒಬ್ಬರು ಕೆಲಸಾನೇ ಬಿಟ್ಟರು. ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಅಷ್ಟೇ ನಾನು ಹೇಳೋದು."

"ಸೋತದ್ದನ್ನು ಹೇಳೋಕೆ ಧೈರ್ಯ ಬೇಕು" ಎಂದರು ಪ್ರೊಫೆಸರಮ್ಮ ನಿಧಾನವಾಗಿ. "ಯಾಕಿರಬಹುದು? ಯಾರಿಗಾದರೂ ಹೊಳೆಯುತ್ತಾ?"

ಸೋತರೂ ಇವಳಿಗೇ ಹೊಗಳಿಕೆ! ಅತ್ತಿಗೆಯ ಕೈ ಅವಳನ್ನು ಕೇಳದೆಯೇ ಮೇಲೆದ್ದಿತ್ತು.

ಎದ್ದು ನಿಂತು ಅವಳು ಹೇಳಿದಳು. ಬಟ್ಟಲು, ಉಗುರು, 'ಟಿಣ್', 'ಟಪ್'. ಮೇಜಿನ ಕೆಳಗಿನ ಬುಟ್ಟಿ, ಸಂಜೆ ಐದರ ಗಾಡಿ. ಮಹಡಿಯಲ್ಲಿ ಬೇರೆ ಎಂಬ ಅರ್ಥದ ಪದ ಕೆಳಗೆ ಒಡಕು ಎಂಬ ಅರ್ಥ ಪಡೆದದ್ದು. ಕಾಗದ ಬೇಕಾಗಲಿಲ್ಲ, ಹದಿಮೂರು ವರ್ಷ ಗಂಟಲಿಗೆ ಬಂದಿತ್ತು. ಹೇಳುತ್ತ ಹೇಳುತ್ತ ತರಗತಿ ಉಸಿರು ಹಿಡಿದದ್ದು ಅವಳಿಗೆ ಕಂಡಿತು. ಮ್ಯಾನೇಜರ್ ಬರೆದುಕೊಳ್ಳುತ್ತಿದ್ದರು. ಪ್ರೊಫೆಸರಮ್ಮನ ಕೈ ಕನ್ನಡಕಕ್ಕೆ ಹೋಯಿತು.

"ಇದು! ಇದೇ ನೋಡಿ!"

ಎರಡು ವರ್ಷ ಕಾದ ಮಾತು. ಅದು ಕಿವಿಗೆ ಬಿದ್ದ ಕ್ಷಣವೇ ಅತ್ತಿಗೆ ಗಿಣಿಯತ್ತ ತಿರುಗಿದಳು. ಗೆದ್ದವರಿಗೆ ಸೋತವರ ಮುಖ ನೋಡದೆ ಗೆಲುವು ರುಚಿಸುವುದಿಲ್ಲ. ಗಿಣಿಯ ಹುಬ್ಬು ಗಂಟಿಕ್ಕಿತ್ತು. ಅವಳು ಮನಸ್ಸಿನಲ್ಲೇ ಹಿಂದೆ ಹಿಂದೆ ಹೋಗುತ್ತಿದ್ದಳು: ಸೋಮವಾರ, ಭಾನುವಾರ, ಶನಿವಾರ ಬೆಳಿಗ್ಗೆ, ಅಡುಗೆಮನೆ, ಚಹಾ. ಹುಬ್ಬು ಸಡಿಲವಾಯಿತು. ತಿಳಿಯಿತು. ಈಗ ಕೂಗುತ್ತಾಳೆ ಎಂದು ಅತ್ತಿಗೆ ಬೆಂಚಿನ ಅಂಚು ಹಿಡಿದಳು.

ಗಿಣಿ ಚಪ್ಪಾಳೆ ತಟ್ಟಿದಳು. ಮೊದಲು ತಟ್ಟಿದವಳು ಅವಳೇ. ಆಮೇಲೆ ಇಡೀ ತರಗತಿ ತಟ್ಟಿತು.

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅಯ್ಯೋ ಶಿವನೇ, ಒಳ್ಳೆತನದಲ್ಲೂ ಇವಳೇ ಮೊದಲು ಬರಬೇಕಾ? ಸಹಿಸಿದಳು, ಬಚ್ಚಿಟ್ಟಳು, ಮನೆಯ ಮಾನ ಕಾಪಾಡಿದಳು ಎಂದು ನಾಳೆ ನಾನೇ ಒಳಗೊಳಗೆ ಹೊಗಳಬೇಕಾ? ಕೋಣೆ ಸಿಕ್ಕರೂ ಆ ಕೋಣೆ ಇವಳು ಕೊಟ್ಟದ್ದಾಗುತ್ತದೆ. ಅದೊಂದನ್ನು ಅತ್ತಿಗೆಯಿಂದ ತಾಳಲಾಗಲಿಲ್ಲ. ಪಶ್ಚಾತ್ತಾಪವಾಗಿದ್ದರೆ ಇಷ್ಟು ಬೇಗ ಬಾಯಿ ಬಿಡಿಸುತ್ತಿರಲಿಲ್ಲವೇನೋ. ಬಾಯಿ ಬಿಡಿಸಿದ್ದೂ ಅದೇ ಹೊಟ್ಟೆಕಿಚ್ಚು.

"ನಿಲ್ಲಿಸಿ" ಎಂದಳು. "ನಾನು ಆ ಫಾರಂ ಮೊದಲೇ ನೋಡಿದ್ದೆ. ಹಂಚೋಕೆ ಮುಂಚೆ ಇವಳು ತಂದು ತೋರಿಸಿದ್ಳು. ಆ ಪದ ಕಣ್ಣಿಗೆ ಬಿತ್ತು. ಬಿದ್ದೂ ಚೆನ್ನಾಗಿದೆ ಅಂದೆ."

"ಯಾಕೆ?" ಎಂದರು ಪ್ರೊಫೆಸರಮ್ಮ.

"ಇವಳು ಸೋಲಲಿ ಅಂತ."

ಚಪ್ಪಾಳೆಯ ಕೈಗಳು ಅಲ್ಲಲ್ಲೇ ನಿಂತವು. ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ ಎದ್ದರು. ಅವರು ಮಾತು ಬೆಳೆಸುವವರಲ್ಲ.

"ಕೋಣೆ ನಿಮಗೆ ಕೊಡೋಕೆ ಆಗಲ್ಲಮ್ಮ" ಎಂದರು ಅತ್ತಿಗೆಗೆ. ಗಿಣಿಯತ್ತ ತಿರುಗಿ, "ನೀವೂ ಕೇಳ್ಕೊಳ್ಳಿ. ಸೋಮವಾರ ಬೆಳಿಗ್ಗೆ ಬೆರಳಮ್ಮ ಬಂದು ಕೆಲಸಕ್ಕೆ ಕೂತಿದ್ರೆ ಆ ಕೋಣೆ ನಿಮ್ದು. ಇಲ್ಲಾಂದ್ರೆ ಹೊರಗಿನಿಂದ ಬೇರೆಯವರನ್ನ ತರ್ತೀನಿ" ಎಂದು ಹೊರಟೇಹೋದರು.

ಬಸ್ ನಿಲ್ದಾಣದವರೆಗೂ ಗಿಣಿ ತುಟಿ ಬಿಚ್ಚಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ದೂರ ಅವಳು ಮಾತಿಲ್ಲದೆ ನಡೆದದ್ದು ಅದೇ ಮೊದಲಿರಬೇಕು. ಬೀದಿಯ ಕೊನೆಯಲ್ಲಿ ಅತ್ತಿಗೆಗೇ ತಡೆಯಲಾಗಲಿಲ್ಲ.

"ಚಪ್ಪಾಳೆ ಯಾಕೆ ತಟ್ಟಿದೆ?"

"ಮತ್ತೇನು ಮಾಡ್ಬೇಕಿತ್ತು? ಅಷ್ಟು ಜನರೆದುರು ಬೈಬೇಕಿತ್ತಾ? ಬೈಯೋಕೆ ಮನೆ ಇದೆ ಅಂತ ಸುಮ್ನಿದ್ದೆ." ಗಿಣಿ ಗಕ್ಕನೆ ನಿಂತಳು. "ಮನೆ ತನಕ ಯಾಕೆ, ಇಲ್ಲೇ ಬೈತೀನಿ! ಬಾಯಲ್ಲಿ ಬೆಲ್ಲ ಇಟ್ಕೊಂಡು ಚಹಾ ಕೊಟ್ರಲ್ಲ ಅವತ್ತು! ಅತ್ತಿಗೆ ಅಂದ್ರೆ ಅಮ್ಮನ ಸಮ ಅಂತಾರೆ! ನೀವು... ನೀವು ಹಾಲು ಕುಡಿದ ಹಾವಿಗೆ ಎಳೆದ ಮೂಲಂಗಿ!"

"ಏನು?"

"ಗೊತ್ತಿಲ್ಲ! ಸಿಟ್ಟು ಬಂದಿದೆ ನಂಗೆ!"

ದಾರಿಹೋಕರು ತಿರುಗಿ ನೋಡಿದರು. ಅತ್ತಿಗೆಗೆ ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೆ, ಬೈಯುವ ವಿದ್ಯೆಯೊಂದರಲ್ಲಾದರೂ ಇವಳು ದಡ್ಡಿ ಎಂಬ ಒಂದು ಸಣ್ಣ, ಕೆಟ್ಟ ಸಮಾಧಾನವೂ ಆಯಿತು.

"ನಡೀರಿ" ಎಂದಳು ಗಿಣಿ ಮೂಗೊರೆಸಿಕೊಳ್ಳುತ್ತ. "ಬೆರಳಮ್ಮನ ಮನೆ ಎಲ್ಲಿ? ನಂಗೆ ಕೈಭಾಷೆ ಬರಲ್ಲ. ನನ್ನ ಮಾತು ನೀವೇ ದಾಟಿಸ್ಬೇಕು. ಬೇರೆ ಗತಿ ಇಲ್ವಲ್ಲ ನಂಗೆ."

ಬೆರಳಮ್ಮನಿದ್ದುದು ಚಪ್ಪಲಿ ಹೊಲಿಯುವ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಬಾಗಿಲಲ್ಲಿ ಕರೆಗಂಟೆಯ ಬದಲು ಒಂದು ಸ್ವಿಚ್ಚು. ಒತ್ತಿದರೆ ಒಳಗೆ ಬಲ್ಬು ಹತ್ತುತ್ತದೆ. ಅತ್ತಿಗೆ ಒತ್ತಿದಳು. ಬಾಗಿಲು ತೆಗೆದ ಬೆರಳಮ್ಮ ಅವಳನ್ನು ಕಂಡು ಅರಳಿದಳು. ಹಿಂದೆ ನಿಂತ ಮಹಡಿಯವಳನ್ನು ಕಂಡು ಮುದುಡಿದಳು. ಆದರೂ ಎರಡು ಕುರ್ಚಿ ಎಳೆದು, ತಾನು ಮಂಚದ ತುದಿಯಲ್ಲಿ ಕೂತಳು.

"ಹೇಳಿ ಅತ್ತಿಗೆ" ಎಂದಳು ಗಿಣಿ. "ತಪ್ಪು ನಂದು ಅನ್ನಿ. ಕೆಳಗಿನವರ ಮಾತು ಗೊತ್ತಿಲ್ಲದೇ ಬರೆದೆ ಅನ್ನಿ. ಅವರನ್ನ ಕಳಿಸೋಕೆ ಅಲ್ಲ, ಅವರಿಗೆ ಏನು ಬೇಕು ಅಂತ ಕೇಳೋಕೆ ಬರೆದದ್ದು ಅನ್ನಿ. ವಾಪಸ್ ಬನ್ನಿ ಅಂತ ಕೇಳ್ಕೋತಿದೀನಿ ಅನ್ನಿ."

ಅತ್ತಿಗೆ ಕೈಯೆತ್ತಿದಳು. ಎತ್ತಿದ ಕೈ ಗಾಳಿಯಲ್ಲಿ ಒಂದು ಗಳಿಗೆ ಹಾಗೇ ನಿಂತಿತು. ಈ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ಅವಳೊಬ್ಬಳೇ. ಒಂದು ಬೆರಳು ಮಡಚಿದರೆ ಬೇಡಿಕೆ ಅಪ್ಪಣೆಯಾಗುತ್ತದೆ, ಒಂದು ಹುಬ್ಬು ಏರಿಸಿದರೆ ಕ್ಷಮೆ ಕೊಂಕಾಗುತ್ತದೆ. ಗಾಜಿನ ಕೋಣೆಯನ್ನು ಇಲ್ಲಿ ಕೂತೇ ಒಡೆದುಹಾಕಬಹುದು. ಯಾರಿಗೂ ಸದ್ದು ಕೇಳಿಸದು.

ಅವಳು ಗಿಣಿ ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿದಳು. ಮುಗಿದ ಮೇಲೂ ಕೈ ಇಳಿಸಲಿಲ್ಲ. ತನ್ನ ಎದೆ ಮುಟ್ಟಿಕೊಂಡಳು, ಕಣ್ಣು ಮುಟ್ಟಿಕೊಂಡಳು, ಗಾಳಿಯಲ್ಲಿ ಕಾಗದದ ನಾಲ್ಕು ಅಂಚು ಬರೆದಳು. ಬಾಯಿಗೆ ಬೀಗ ಹಾಕಿಕೊಂಡದ್ದನ್ನು ತೋರಿಸಿದಳು. ಯಾಕೆ ಎಂದು ಬೆರಳಮ್ಮನ ಹುಬ್ಬು ಕೇಳಿತು. ಅತ್ತಿಗೆ ಮುಷ್ಟಿಯನ್ನು ಹೊಟ್ಟೆಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಬಿಡಿಸಿದಳು, ಉರಿ ಏಳುವಂತೆ. ಆ ಉರಿಯ ತುದಿಯಿಂದ ಗಿಣಿಯತ್ತ ತೋರಿಸಿದಳು.

ಬೆರಳಮ್ಮ ಕಣ್ಣು ಮುಚ್ಚಿಕೊಂಡಳು. ಅವಳು ಲೋಕದ ಮುಖಕ್ಕೆ ಬಾಗಿಲು ಹಾಕುವುದೇ ಹಾಗೆ. ಕಣ್ಣು ಮುಚ್ಚಿದವಳಿಗೆ ಕ್ಷಮಿಸು ಎಂದು ಯಾವ ಕೈಯಿಂದ ಹೇಳುವುದು? ಅತ್ತಿಗೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಕೆಳಗೆ ಅಂಗಡಿಯವನು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಗಿಣಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡುತ್ತ ಕೂತಿದ್ದಳು.

ಬಹಳ ಹೊತ್ತಿನ ಮೇಲೆ ಬೆರಳಮ್ಮ ಕಣ್ಣು ತೆರೆದಳು. ಅವಳ ಕೈಗಳು ಬೇಗ ಬೇಗ ಆಡಿದವು, ಬಟ್ಟಲು ಆರಿಸುವ ವೇಗದಲ್ಲಿ. ಮುಗಿಸಿ, ಗಿಣಿಯನ್ನು ತೋರಿಸಿ, ಅತ್ತಿಗೆಗೆ ಸನ್ನೆ ಮಾಡಿದಳು: ಹೇಳು, ಅವಳಿಗೆ.

"ಏನಂದ್ರು?" ಎಂದಳು ಗಿಣಿ.

ಅತ್ತಿಗೆ ಕುರ್ಚಿಯನ್ನು ಗಿಣಿಯತ್ತ ತಿರುಗಿಸಿದಳು. "ಸೋಮವಾರ ಬರ್ತಾರಂತೆ."

"ಅಷ್ಟೇನಾ? ಅಷ್ಟು ಹೊತ್ತು ಹೇಳಿದ್ರಲ್ಲ!"

"ನನ್ನ ವಿಭಾಗಕ್ಕೆ ಬರಲ್ವಂತೆ. ನನ್ನ ಕೈ ಕೆಳಗೆ ಕೆಲಸ ಮಾಡಲ್ವಂತೆ. ಬಣ್ಣ ಹಾಕೋ ಕಡೆ ಜಾಗ ಕೊಡಿಸ್ಬೇಕಂತೆ." ಅತ್ತಿಗೆ ನೆಲ ನೋಡಿದಳು. ಹದಿಮೂರು ವರ್ಷ ಪಕ್ಕದಲ್ಲಿದ್ದ ಸ್ಟೂಲು ಅದು. ಉಳಿದದ್ದನ್ನು ನುಂಗಿಬಿಡಬಹುದಿತ್ತು, ಗಿಣಿಗೆ ಗೊತ್ತಾಗುತ್ತಲೇ ಇರಲಿಲ್ಲ. "ಮತ್ತೆ... ಈ ಹುಡುಗಿಗೆ ಕೈಯಲ್ಲಿ ಒಂದು ಮಾತೂ ಬರಲ್ಲ, ಆದ್ರೂ ತಾನೇ ಮೆಟ್ಟಿಲು ಹತ್ತಿ ಬಂದ್ಳು ಅಂದ್ರು. ಅವಳಿಗೆ ಕೈಭಾಷೆ ನಾನೇ ಕಲಿಸ್ತೀನಿ ಅಂದ್ರು. ಆ ಕೋಣೆ ಇವಳಿಗೆ ಒಪ್ಪುತ್ತೆ ಅಂದ್ರು."

ಗಿಣಿಯ ಮುಖ ಅರಳಿತು. ಆ ಅರಳುವಿಕೆಯನ್ನು ಅತ್ತಿಗೆ ನೋಡಿದಳು. ಹೊಟ್ಟೆಯಲ್ಲಿ ಚುರುಕ್ ಎಂದಿತು. ಅದೇ ಜಾಗ, ಅದೇ ಉರಿ.

"ಇನ್ನೊಂದ್ಸಲ ಹೇಳಿ ಅತ್ತಿಗೆ."

"ಒಂದ್ಸಲ ಹೇಳಿದ್ರೆ ಸಾಲಲ್ವಾ? ಕಿವುಡೀನಾ ನೀನು?"

ಆಡಿದ ಮೇಲೆ ಮಾತಿನ ಬಣ್ಣ ಅವಳಿಗೇ ಕಂಡಿತು. ಸರಕ್ಕನೆ ಕೈ ಬಾಯಿಗೆ ಹೋಯಿತು. ಗಿಣಿ ಬೆಚ್ಚಿ ಬೆರಳಮ್ಮನತ್ತ ನೋಡಿದಳು. ಬೆರಳಮ್ಮನಿಗೆ ಕೇಳದಿದ್ದರೂ ಮುಚ್ಚಿಕೊಂಡ ಬಾಯಿ ಕಂಡಿತ್ತು, ಬೆಚ್ಚಿದ ಮುಖ ಕಂಡಿತ್ತು. ಅವಳು ಅತ್ತಿಗೆಯ ಮೊಣಕೈ ಮುಟ್ಟಿ, ಅಂಗೈ ಮೇಲೆ ಮಾಡಿ ಕೇಳಿದಳು: ಏನಂದೆ?

ಏನಿಲ್ಲ ಎನ್ನುವುದಕ್ಕೆ ಒಂದೇ ಸನ್ನೆ ಸಾಕು, ಅಂಗೈಯನ್ನು ಸುಮ್ಮನೆ ಅತ್ತಿತ್ತ ಆಡಿಸಿದರಾಯಿತು.

ಅತ್ತಿಗೆ ಬಾಯಿಯ ಮೇಲಿನ ಕೈ ತೆಗೆದಳು. ಬೆರಳಮ್ಮನ ಕಣ್ಣು ನೋಡುತ್ತ, ಅಂದದ್ದನ್ನು ಅಂದ ಹಾಗೆಯೇ ಹೇಳಿದಳು.